ಕಡಿಮೆ ಕರೆಂಟು, ದೂರದ ಬೆಳಕು

ಜಾತ್ರೆಯ ಹಸಿರು ಲೇಸರ್ ಪೆನ್ನು, ಕಣ್ಣಾಸ್ಪತ್ರೆಯ ಯಂತ್ರ, ಚಂದ್ರನನ್ನು ಅಳೆದ ಉಪಕರಣ: ಮೂರರಲ್ಲೂ ಇರುವುದು ಒಂದೇ ವಿದ್ಯೆ. ಡಯೋಡಿನ ಬೆಳಕು ಉಂಡು ಲೇಸರ್ ಕೊಡುವ ಪುಟ್ಟ ಹರಳು ನಮ್ಮ ತೆಲಂಗಾಣ-ಕರ್ನಾಟಕ ಗಡಿಸೀಮೆಯ ಬದುಕಿಗೆ ಎಷ್ಟು ಹತ್ತಿರ ಬಂದಿದೆ?

ವಿಕಾರಾಬಾದಿನಿಂದ ತಾಂಡೂರಿಗೆ ಹೋಗುವ ರೈಲುದಾರಿಯಲ್ಲಿ ಧಾರೂರು ಸಿಗುತ್ತದೆ. ನವೆಂಬರಿನಲ್ಲಿ ಇಲ್ಲಿ ನಡೆಯುವ ಮೆಥಡಿಸ್ಟ್ ಜಾತ್ರೆಗೆ ಸುತ್ತಲಿನ ತೆಲುಗರ ಜೊತೆ ಬೀದರ ಕಡೆಯ ಕನ್ನಡಿಗರೂ ಬರುತ್ತಾರೆ. ಇಂಥ ಜಾತ್ರೆಗಳ ಆಟಿಕೆ ಸಾಲಿನಲ್ಲಿ ಈಗ ಪೀಪಿ, ಬಲೂನುಗಳ ಪಕ್ಕದಲ್ಲೇ ಹಸಿರು ಲೇಸರ್ ಪೆನ್ನು ಕೂತಿರುತ್ತದೆ. ಗುಂಡಿ ಒತ್ತಿದರೆ ಕತ್ತಲಲ್ಲಿ ದೂರದ ಮರದ ತುದಿಗೂ ಹಸಿರು ಚುಕ್ಕೆ ಬೀಳುತ್ತದೆ. ಕೊಳ್ಳುವವರಿಗೂ ಮಾರುವವರಿಗೂ ಅದು ಆಟಿಕೆ. ಆದರೆ ಅದರೊಳಗಿನ ಏರ್ಪಾಟನ್ನು ಬಲ್ಲವರಿಗೆ ಕಳೆದ ಅರ್ಧ ಶತಮಾನದ ಲೇಸರ್ ವಿಜ್ಞಾನದ ಬಹುಮುಖ್ಯ ಪಾಠವೊಂದು ಆ ಬೆರಳುದ್ದದ ಕೊಳವೆಯಲ್ಲೇ ಸಿಗುತ್ತದೆ.

ಆ ಪಾಠ ಇಷ್ಟೇ: ಲೇಸರ್ ಎಷ್ಟು ಪ್ರಖರವಾಗಿದೆ ಅನ್ನುವುದಕ್ಕಿಂತ, ಅದು ಎಷ್ಟು ಕರೆಂಟು ತಿಂದು ಎಷ್ಟು ಬೆಳಕು ಕೊಡುತ್ತದೆ ಅನ್ನುವುದೇ ಅದು ಎಲ್ಲೆಲ್ಲಿಗೆ ಹೋಗಬಲ್ಲದು ಎಂಬುದನ್ನು ನಿರ್ಧರಿಸುತ್ತದೆ. ದಕ್ಷತೆ ಬರೀ ಬಿಲ್ಲಿನ ಮಾತಲ್ಲ. ಅದು ತಲುಪುವ ಮಾತು.

ಪೆನ್ನಿನ ಹೊಟ್ಟೆಯಲ್ಲಿ

ಅಗ್ಗದ ಹಸಿರು ಪೆನ್ನನ್ನು ಬಿಚ್ಚಿದರೆ ಬ್ಯಾಟರಿಯ ಮುಂದೆ ಒಂದು ಸರ್ಕ್ಯೂಟ್, ಅದರ ಮುಂದೆ ಹಿತ್ತಾಳೆಯ ಸಣ್ಣ ಗೂಡು. ಗೂಡಿನ ಹಿಂಬದಿಯಲ್ಲಿ ಅರೆವಾಹಕ ಡಯೋಡ್ ಇದೆ. ಅದು ಕೊಡುವುದು ಹಸಿರು ಬೆಳಕನ್ನಲ್ಲ. 808 ನ್ಯಾನೋಮೀಟರ್ ತರಂಗಾಂತರದ, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಅವಕೆಂಪು ಬೆಳಕನ್ನು.

ಆ ಬೆಳಕು ಒಂದೆರಡು ಮಿಲಿಮೀಟರ್ ಅಗಲದ ಹರಳಿನ ಮೇಲೆ ಬೀಳುತ್ತದೆ. ಅದು ನಿಯೋಡಿಮಿಯಂ ಬೆರೆಸಿದ ಯಿಟ್ರಿಯಂ ವ್ಯಾನಡೇಟ್. ಅದರಲ್ಲಿರುವ ನಿಯೋಡಿಮಿಯಂ ಅಯಾನುಗಳಿಗೆ 808 ನ್ಯಾನೋಮೀಟರಿನ ಬೆಳಕೆಂದರೆ ಬಲು ಇಷ್ಟ. ಅದನ್ನು ಹೀರಿ ಮೇಲಿನ ಶಕ್ತಿಮಟ್ಟಕ್ಕೆ ಏರುತ್ತವೆ, ಸ್ವಲ್ಪ ಶಕ್ತಿಯನ್ನು ಶಾಖವಾಗಿ ಬಿಟ್ಟು ಒಂದು ಮೆಟ್ಟಿಲು ಇಳಿದು ಅಲ್ಲಿ ಕ್ಷಣಕಾಲ ತಂಗುತ್ತವೆ. ತಂಗಿದ ಅಯಾನಿನ ಪಕ್ಕದಲ್ಲಿ 1064 ನ್ಯಾನೋಮೀಟರಿನ ಒಂದು ಬೆಳಕಿನ ಕಣ ಹಾದುಹೋದರೆ ಸಾಕು, ಆ ಅಯಾನೂ ಅದೇ ತರಂಗಾಂತರದ, ಅದೇ ದಿಕ್ಕಿನ, ಅದೇ ಲಯದ ಇನ್ನೊಂದು ಕಣವನ್ನು ಬಿಟ್ಟುಕೊಡುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತವೆ. ಎರಡೂ ತುದಿಯ ಕನ್ನಡಿಲೇಪದ ನಡುವೆ ಬೆಳಕು ಹೋಗಿಬಂದು ಬಲಿಯುತ್ತದೆ. ಲೇಸರ್ ಎಂದರೆ ಇದೇ.

ಆದರೆ 1064 ಕೂಡ ಕಣ್ಣಿಗೆ ಕಾಣದು. ಆದ್ದರಿಂದ ವ್ಯಾನಡೇಟಿನ ಮುಂದೆ ಕೆಟಿಪಿ ಎಂಬ ಎರಡನೆಯ ಹರಳನ್ನು ಅಂಟಿಸಿರುತ್ತಾರೆ. ಅದು ಅವಕೆಂಪಿನ ಎರಡು ಕಣಗಳನ್ನು ಕೂಡಿಸಿ ಅರ್ಧ ತರಂಗಾಂತರದ ಒಂದು ಕಣ ಮಾಡುತ್ತದೆ: 1064 ಹೋಗಿ 532 ನ್ಯಾನೋಮೀಟರ್, ಅಂದರೆ ನಾವು ಕಾಣುವ ಹಸಿರು. ಬೆಳಕನ್ನು ಹೀಗೆ ಇಮ್ಮಡಿಸಬಹುದೆಂದು ಮಿಶಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು ತೋರಿಸಿದ್ದು 1961ರಲ್ಲಿ. ಅಂದು ಪ್ರಯೋಗಾಲಯದ ಅಚ್ಚರಿಯಾಗಿದ್ದದ್ದು ಇಂದು ಜಾತ್ರೆಯ ಅಂಗಡಿಯಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಹಸಿರಾಗದೆ ಉಳಿದ ಅವಕೆಂಪನ್ನು ತಡೆಯಲು ಪೆನ್ನಿನ ಬಾಯಿಯಲ್ಲಿ ಒಂದು ಫಿಲ್ಟರ್ ಇರಬೇಕು. ಅಗ್ಗದ ಪೆನ್ನುಗಳಲ್ಲಿ ಕೆಲವೊಮ್ಮೆ ಅದು ಇರುವುದೇ ಇಲ್ಲ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2010ರಲ್ಲಿ ಇಂಥದೊಂದು ಪೆನ್ನು ಪರೀಕ್ಷಿಸಿ, ಹಸಿರಿಗಿಂತ ಹೆಚ್ಚು ಅವಕೆಂಪು ಅದರಿಂದ ಸೋರುತ್ತಿದ್ದುದನ್ನು ಪ್ರಕಟಿಸಿತು. ಕಾಣುವ ಬೆಳಕಿಗೆ ರೆಪ್ಪೆ ತಾನಾಗಿ ಮುಚ್ಚುತ್ತದೆ, ಕಾಣದ ಬೆಳಕಿಗೆ ಮುಚ್ಚುವುದಿಲ್ಲ. ಮಕ್ಕಳ ಕೈಗೆ ಈ ಪೆನ್ನು ಕೊಡಬೇಡಿ.

ದೀಪದ ಕಾಲ

ಮೊದಲ ಲೇಸರನ್ನು ಥಿಯೊಡೋರ್ ಮೈಮನ್ 1960ರ ಮೇ 16ರಂದು ಬೆಳಗಿಸಿದರು. ಮಾಣಿಕ್ಯದ ಕಡ್ಡಿಯ ಸುತ್ತ ಸುರುಳಿಯಾಕಾರದ ಫ್ಲ್ಯಾಶ್ ದೀಪ, ದೀಪ ಮಿಂಚಿದಾಗ ಕಡ್ಡಿಯಿಂದ ಕೆಂಪು ಲೇಸರ್. 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ನಿಯೋಡಿಮಿಯಂ-ಯಾಗ್ ಹರಳಿನ ಲೇಸರ್ ಬಂತು. ಯಾಗ್ ಗಟ್ಟಿ, ಶಾಖವನ್ನು ಬೇಗ ಸಾಗಿಸುತ್ತದೆ, ಬೆಳೆಸುವುದೂ ಸಾಧ್ಯ. ಕಾರ್ಖಾನೆ, ಆಸ್ಪತ್ರೆ, ಸೇನೆ ಮೂರೂ ಅದನ್ನು ಅಪ್ಪಿಕೊಂಡವು. ಆದರೆ ಅದಕ್ಕೆ ಬೆಳಕು ಉಣಿಸುತ್ತಿದ್ದದ್ದು ದೀಪವೇ.

ತೊಂದರೆ ಇದ್ದದ್ದು ಅಲ್ಲೇ. ಫ್ಲ್ಯಾಶ್ ದೀಪ ನೇರಳಾತೀತದಿಂದ ಅವಕೆಂಪಿನವರೆಗೆ ಎಲ್ಲ ಬಣ್ಣವನ್ನೂ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ನಿಯೋಡಿಮಿಯಂ ಅದರಲ್ಲಿ ಆರಿಸಿಕೊಳ್ಳುವುದು ಕೆಲವೇ ಕಿರಿದಾದ ಪಟ್ಟಿಗಳನ್ನು. ತಾಂಡೂರಿನ ತೊಗರಿ ಹೊಲದಲ್ಲಿ ಬೀಜ ಎರಚಿದರೆ ಸಾಲಿಗೂ ಬದುವಿಗೂ ಒಂದೇ ಸಮ ಬೀಳುತ್ತದೆ, ಕೂರಿಗೆ ಹೊಡೆದರೆ ಮೊಳೆಯುವ ಜಾಗದಲ್ಲೇ ಬೀಳುತ್ತದೆ. ದೀಪಕ್ಕೂ ಡಯೋಡಿಗೂ ಇರುವ ಅಂತರ ಅಷ್ಟು. ದೀಪದ ಯಾಗ್ ಲೇಸರಿಗೆ ನೂರು ವಾಟ್ ಕರೆಂಟು ಕೊಟ್ಟರೆ ಲೇಸರಾಗಿ ಹೊರಬರುತ್ತಿದ್ದದ್ದು ಒಂದರಿಂದ ಮೂರು ವಾಟ್. ಉಳಿದದ್ದೆಲ್ಲ ಶಾಖ. ಆ ಶಾಖ ತೆಗೆಯಲು ನೀರಿನ ಪಂಪು, ಚಿಲ್ಲರ್. ನಿರಂತರ ಉರಿಯುವ ದೀಪವಾದರೆ ಕೆಲವು ನೂರು ಗಂಟೆಗೊಮ್ಮೆ ಬದಲಾವಣೆ.

ಶಾಖ ಬರೀ ದಂಡವಲ್ಲ, ಬೆಳಕನ್ನೂ ಕೆಡಿಸುತ್ತದೆ. ಕಡ್ಡಿಯ ನಡುಭಾಗ ಬಿಸಿ, ಅಂಚು ತಣ್ಣಗೆ ಇದ್ದರೆ ಹರಳಿನ ಗುಣ ಒಂದೊಂದು ಕಡೆ ಒಂದೊಂದು ಬಗೆಯಾಗಿ ಕಡ್ಡಿಯೇ ಒಂದು ಲೆನ್ಸ್ ಆಗಿಬಿಡುತ್ತದೆ. ಕಿರಣ ಸೊಟ್ಟಗಾಗುತ್ತದೆ, ಸೂಜಿಮೊನೆಯಷ್ಟು ಚುಕ್ಕೆಗೆ ಒಟ್ಟುಗೂಡುವುದಿಲ್ಲ. ಶಕ್ತಿ ಹೆಚ್ಚಿಸಿದಷ್ಟೂ ಕಿರಣ ಹದಗೆಡುತ್ತದೆ.

ಡಯೋಡಿನಿಂದ ಹರಳಿಗೆ ಬೆಳಕುಣಿಸುವ ಯೋಚನೆ ತಡವಾಗಿ ಬಂದದ್ದೇನಲ್ಲ. ಮೊದಲ ಡಯೋಡ್ ಲೇಸರ್ 1962ರದು; ಎಂಐಟಿಯ ಲಿಂಕನ್ ಲ್ಯಾಬಿನ ಕೀಸ್ ಮತ್ತು ಕ್ವಿಸ್ಟ್ 1964ರಲ್ಲೇ ಡಯೋಡಿನಿಂದ ಹರಳನ್ನು ಬೆಳಗಿಸಿ ತೋರಿಸಿದ್ದರು. ಆದರೆ ಆಗಿನ ಡಯೋಡಿಗೆ ಅತಿಶೀತದ ಆಸರೆ ಬೇಕಿತ್ತು, ಬಲ ಕಡಿಮೆ, ಬೆಲೆ ಕೈಗೆಟುಕದ್ದು. ಡಯೋಡ್ ಕೋಣೆಯ ಉಷ್ಣತೆಯಲ್ಲಿ ಸಾವಿರಾರು ಗಂಟೆ ಬಾಳುವಂತಾದ ಮೇಲೆ, 1980ರ ದಶಕದಲ್ಲಿ, ಆಟ ಬದಲಾಯಿತು.

ನೂರು ವಾಟ್ ಎಲ್ಲಿ ಹೋಯಿತು?

ಡಯೋಡ್ ಉಣಿಸುವ ಒಂದು ಒಳ್ಳೆಯ ಯಾಗ್ ಲೇಸರಿಗೆ ನೂರು ವಾಟ್ ಕರೆಂಟು ಕೊಟ್ಟೆವೆನ್ನಿ. ಡಯೋಡ್ ಅದರಲ್ಲಿ ಸುಮಾರು ಅರ್ಧವನ್ನು ಬೆಳಕು ಮಾಡುತ್ತದೆ: 50 ವಾಟ್. ಅದರಲ್ಲಿ ಹರಳಿಗೆ ಸೇರಿ ಹೀರಲ್ಪಡುವುದು 45. ಇಲ್ಲಿಂದ ಮುಂದೆ ಪ್ರಕೃತಿಯೇ ವಿಧಿಸಿದ ಒಂದು ಸುಂಕವಿದೆ. ತರಂಗಾಂತರ ಹೆಚ್ಚಿದಷ್ಟೂ ಕಣದ ಶಕ್ತಿ ಕಡಿಮೆ. 808ರ ಕಣ ಉಂಡು 1064ರ ಕಣ ಕೊಡುವಾಗ ಶೇ 24ರಷ್ಟು ಶಕ್ತಿ ಹರಳಿನಲ್ಲೇ ಶಾಖವಾಗಿ ಉಳಿಯಲೇಬೇಕು, ಯಾವ ಜಾಣ್ಮೆಯಿಂದಲೂ ಅದನ್ನು ತಪ್ಪಿಸಲಾಗದು. ಉಳಿದದ್ದು 34. ಕನ್ನಡಿಯ ಸೋರಿಕೆ, ಡಯೋಡ್ ಬೆಳಗಿಸಿದ ಜಾಗಕ್ಕೂ ಲೇಸರ್ ಕಿರಣ ಹಾಯುವ ಜಾಗಕ್ಕೂ ಇರುವ ಹೊಂದಾಣಿಕೆಯ ಕೊರತೆ ಎಲ್ಲ ಕಳೆದು ಕೈಗೆ ಬರುವುದು 20ರ ಆಸುಪಾಸು. ದೀಪದ ಕಾಲಕ್ಕೆ ಹೋಲಿಸಿದರೆ ಹತ್ತು ಪಟ್ಟು.

ಇದನ್ನು ಹಸಿರು ಮಾಡಲು ಹೊರಟರೆ ಇನ್ನೊಂದು ಸುಂಕ. ಇಮ್ಮಡಿಸುವ ಹರಳಿನ ಫಲ ಬೆಳಕಿನ ದಟ್ಟಣೆ ಹೆಚ್ಚಿದಷ್ಟೂ ಹೆಚ್ಚು: ಅವಕೆಂಪು ಎರಡು ಪಟ್ಟಾದರೆ ಹಸಿರು ನಾಲ್ಕು ಪಟ್ಟು. ಹಾಗಾಗಿ ದೊಡ್ಡ ಹಸಿರು ಲೇಸರುಗಳು ಸಾಕಷ್ಟು ದಕ್ಷ, ಪುಟ್ಟ ಪೆನ್ನು ಮಾತ್ರ ದುಂದುಗಾರ. ಸುಮಾರು ಅರ್ಧ ವಾಟ್ ಕರೆಂಟು ತಿಂದು 5 ಮಿಲಿವಾಟ್ ಹಸಿರು ಕೊಟ್ಟರೆ ದಕ್ಷತೆ ಶೇ ಒಂದು.

ಲೆಕ್ಕದಲ್ಲಿ ಸೇರಿಸಬೇಕಾದ ಇನ್ನೊಂದು ಅಂಶ ಹವೆ. ಡಯೋಡಿನ ತರಂಗಾಂತರ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.3 ನ್ಯಾನೋಮೀಟರ್ ಸರಿಯುತ್ತದೆ. ಹರಳು ಹೀರುವ ಪಟ್ಟಿಯೋ ಒಂದೆರಡು ನ್ಯಾನೋಮೀಟರ್ ಅಗಲದ್ದು. ಜಹೀರಾಬಾದ್ ಪಕ್ಕದ ಕೊಹೀರ್ ಚಳಿಗಾಲದಲ್ಲಿ ತೆಲಂಗಾಣದ ಅತಿ ತಣ್ಣನೆಯ ಊರುಗಳ ಪಟ್ಟಿಯಲ್ಲಿ ಆಗಾಗ ಕಾಣುತ್ತದೆ. ಅಲ್ಲಿ ಜನವರಿಯ ನಸುಕಿನಲ್ಲಿ ಪೆನ್ನು ಮಂಕಾಗಿ, ಅಂಗೈಯಲ್ಲಿ ಹಿಡಿದು ಬಿಸಿ ಮಾಡಿದರೆ ಮತ್ತೆ ಪ್ರಖರವಾದರೆ ಬ್ಯಾಟರಿಯನ್ನು ದೂರಬೇಡಿ. ಡಯೋಡಿನ ಬಣ್ಣ ಹರಳಿನ ಪಟ್ಟಿಯಿಂದ ಜಾರಿ ಮತ್ತೆ ಮರಳಿರುತ್ತದೆ. ಬೆಲೆಬಾಳುವ ಲೇಸರುಗಳಲ್ಲಿ ಡಯೋಡಿನ ಉಷ್ಣತೆಯನ್ನು ಕಾಯಲೆಂದೇ ಪ್ರತ್ಯೇಕ ಏರ್ಪಾಟಿರುತ್ತದೆ. ಅದೂ ಕರೆಂಟು ತಿನ್ನುತ್ತದೆ.

ಶುಗರ್ ಕಣ್ಣಿಗೆ ಬಂದಾಗ

ದಕ್ಷತೆ ತಲುಪುವ ಮಾತು ಎಂದೆ. ಅದಕ್ಕೆ ಕಣ್ಣಿನ ಚಿಕಿತ್ಸೆಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಸಕ್ಕರೆ ಕಾಯಿಲೆ ಹಳೆಯದಾದಂತೆ ಅಕ್ಷಿಪಟಲದ ರಕ್ತನಾಳಗಳು ಕೆಡುತ್ತವೆ. ಆಮ್ಲಜನಕ ಸಾಲದೆ ಪಟಲವು ಹೊಸ, ದುರ್ಬಲ ನಾಳಗಳನ್ನು ಬೆಳೆಸುತ್ತದೆ. ಅವು ಒಡೆದರೆ ಕಣ್ಣೊಳಗೆ ರಕ್ತ, ನೋಟ ಹೋಗುವ ಭಯ. ಇದನ್ನು ತಡೆಯಲು ವೈದ್ಯರು ಪಟಲದ ಅಂಚುಭಾಗದಲ್ಲಿ ನೂರಾರು ಪುಟ್ಟ ಚುಕ್ಕೆಗಳನ್ನು ಹಸಿರು ಲೇಸರಿನಿಂದ ಸುಡುತ್ತಾರೆ. ಅಲ್ಲಿನ ಅಂಗಾಂಶದ ಆಮ್ಲಜನಕದ ಬೇಡಿಕೆ ಇಳಿದು, ಹೊಸ ನಾಳಗಳು ಕುಗ್ಗುತ್ತವೆ. ಹಸಿರೇ ಏಕೆಂದರೆ ಪಟಲದ ಕಪ್ಪು ವರ್ಣಕವೂ ರಕ್ತವೂ ಅದನ್ನು ಚೆನ್ನಾಗಿ ಹೀರುತ್ತವೆ. ಒಂದೊಂದು ಹೊಡೆತಕ್ಕೆ ಬೇಕಾದದ್ದು ಸಾಮಾನ್ಯವಾಗಿ ವಾಟಿನ ಒಂದು ಪಾಲು ಮಾತ್ರ, ಅದೂ ಸೆಕೆಂಡಿನ ಒಂದು ಸಣ್ಣ ಪಾಲಿನಷ್ಟು ಹೊತ್ತು.

1960ರ ದಶಕದ ಕೊನೆಯಿಂದ ಈ ಕೆಲಸ ಮಾಡುತ್ತಿದ್ದದ್ದು ಆರ್ಗಾನ್ ಅನಿಲದ ಲೇಸರ್. ಅದರ ದಕ್ಷತೆ ಸಾವಿರಕ್ಕೆ ಒಂದನ್ನೂ ಮುಟ್ಟದು. ಒಂದೆರಡು ವಾಟ್ ಹಸಿರಿಗಾಗಿ ಕಿಲೋವಾಟುಗಟ್ಟಲೆ ಕರೆಂಟು, ಅದಕ್ಕೆ ಬಲವಾದ ವಿದ್ಯುತ್ ಲೈನು, ತಂಪಿಗೆ ಹರಿಯುವ ನೀರು. ಅಂಥ ಯಂತ್ರ ದೊಡ್ಡ ನಗರದ ದೊಡ್ಡ ಆಸ್ಪತ್ರೆ ಬಿಟ್ಟು ಕದಲುವಂತಿರಲಿಲ್ಲ. ನೀರಿಗೂ ಕರೆಂಟಿಗೂ ಬರವಿದ್ದ ನಮ್ಮ ಸೀಮೆಯ ಊರುಗಳಿಗೆ ಅದು ಬರುವ ಮಾತೇ ಇರಲಿಲ್ಲ.

ಜಾತ್ರೆಯ ಪೆನ್ನಿನಲ್ಲಿರುವ ವಿದ್ಯೆಯೇ, ಬಹಳ ಎಚ್ಚರದಿಂದ ಕಟ್ಟಿದ ರೂಪದಲ್ಲಿ, ಆರ್ಗಾನಿನ ಜಾಗಕ್ಕೆ ಬಂತು. 532 ನ್ಯಾನೋಮೀಟರಿನ ಈ ಯಂತ್ರ ಮೇಜಿನ ಮೇಲೆ ಕೂರುತ್ತದೆ, ಮಾಮೂಲಿ ಪ್ಲಗ್ಗಿಗೆ ಸಿಕ್ಕಿಸಿದರೆ ನಡೆಯುತ್ತದೆ, ಗಾಳಿಯಿಂದಲೇ ತಣಿಯುತ್ತದೆ, ಕಾರಿನಲ್ಲಿಟ್ಟು ಒಯ್ಯಬಹುದು. 1987ರಲ್ಲಿ ಶುರುವಾದ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಂಥ ದೊಡ್ಡ ಸಂಸ್ಥೆಗಳಷ್ಟೇ ಅಲ್ಲ, ಸಣ್ಣ ಊರಿನ ಕಣ್ಣಾಸ್ಪತ್ರೆಯೂ ಈಗ ಇದನ್ನು ಇಟ್ಟುಕೊಳ್ಳಬಲ್ಲದು. ಇಂದು ಇಂಜೆಕ್ಷನ್ನುಗಳೂ ಇವೆ, ಆದರೆ ತಿಂಗಳು ತಿಂಗಳು ನಗರಕ್ಕೆ ಹೋಗಿಬರಲಾಗದ ರೈತ, ಕೂಲಿಕಾರರಿಗೆ ಒಂದೆರಡು ಸಲ ಕೂತು ಮುಗಿಸಬಹುದಾದ ಲೇಸರ್ ಚಿಕಿತ್ಸೆಯ ಮಹತ್ವ ಕಡಿಮೆಯಾಗಿಲ್ಲ. ಶುಗರ್ ಇರುವವರು ನೋಟ ಸರಿ ಇದ್ದರೂ ವರ್ಷಕ್ಕೊಮ್ಮೆ ಅಕ್ಷಿಪಟಲ ತೋರಿಸಿಕೊಳ್ಳಲೇಬೇಕು.

ಪೀಣ್ಯದಿಂದ ಚಂದ್ರನಿಗೆ

ಕರೆಂಟನ್ನು ಎಣಿಸಿ ಎಣಿಸಿ ಖರ್ಚು ಮಾಡಬೇಕಾದ ಜಾಗ ಬಾಹ್ಯಾಕಾಶ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ, ಉಡುಪಿಯ ಅದಮಾರಿನ ಯು.ಆರ್. ರಾವ್ ಅವರ ಮುಂದಾಳತ್ವದಲ್ಲಿ, 1975ರ ಆರ್ಯಭಟ ಉಪಗ್ರಹ ತಯಾರಾಗಿತ್ತು. ಅದೇ ನೆಲೆಯಲ್ಲಿ ಇಂದು ಇಸ್ರೋದ ಲಿಯೋಸ್ ಇದೆ, ಬೆಳಕಿನ ಉಪಕರಣಗಳ ಪ್ರಯೋಗಾಲಯ. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿದ್ದ ಲೇಸರ್ ಎತ್ತರಮಾಪಕವನ್ನು ಕಟ್ಟಿದ್ದು ಅಲ್ಲೇ.

ಡಯೋಡ್ ಉಣಿಸುವ ನಿಯೋಡಿಮಿಯಂ-ಯಾಗ್ ಲೇಸರ್ ಅದು. ಸೆಕೆಂಡಿಗೆ 10 ಮಿಡಿತ, ಒಂದೊಂದು ಮಿಡಿತ 10 ಮಿಲಿಜೂಲ್. ನೂರು ಕಿಲೋಮೀಟರ್ ಮೇಲಿನಿಂದ ಹೊಡೆದ ಬೆಳಕು ಚಂದ್ರನ ನೆಲ ಮುಟ್ಟಿ ಮರಳಲು ಒಂದು ಮಿಲಿಸೆಕೆಂಡೂ ಬೇಡ. ಆ ಹೊತ್ತನ್ನು ಅಳೆದು ಬೆಟ್ಟ, ಕುಳಿಗಳ ಎತ್ತರವನ್ನು ಐದು ಮೀಟರಿಗಿಂತ ನಿಖರವಾಗಿ ಹೇಳುವುದು ಅದರ ಗುರಿ. ಲೆಕ್ಕ ಹಾಕಿದರೆ ಸರಾಸರಿ ಬೆಳಕು ವಾಟಿನ ಹತ್ತನೇ ಒಂದು ಪಾಲು. ಆದರೆ ಮಿಡಿತ ಇರುವ ಕೆಲವೇ ನ್ಯಾನೋಸೆಕೆಂಡುಗಳಲ್ಲಿ ಅದರ ಬಲ ಲಕ್ಷಗಟ್ಟಲೆ ವಾಟ್.

ಇದು ಹೇಗೆ? ಯಾಗ್‌ನಲ್ಲಿ ಮೇಲೇರಿದ ನಿಯೋಡಿಮಿಯಂ ಸುಮಾರು 230 ಮೈಕ್ರೋಸೆಕೆಂಡ್ ಅಲ್ಲೇ ತಂಗುತ್ತದೆ. ಅಷ್ಟು ಹೊತ್ತು ಡಯೋಡನ್ನು ಉರಿಸಿ ಶಕ್ತಿ ತುಂಬಿಸಿ, ಕನ್ನಡಿಯ ದಾರಿ ಮುಚ್ಚಿಟ್ಟು, ಒಮ್ಮೆಲೇ ತೆರೆದರೆ ಕೂಡಿಟ್ಟದ್ದೆಲ್ಲ ಒಂದೇ ಮಿಡಿತವಾಗಿ ಚಿಮ್ಮುತ್ತದೆ. ಮುಂದಿನ ಮಿಡಿತದವರೆಗೆ ಡಯೋಡ್ ಆರಿರುತ್ತದೆ. ಉಪಗ್ರಹದ ಸೌರಫಲಕ ಒಟ್ಟು ಕೊಡುತ್ತಿದ್ದದ್ದೇ ಸುಮಾರು 700 ವಾಟ್, ಅದರಲ್ಲಿ ಹನ್ನೊಂದು ಉಪಕರಣಗಳೂ ರೇಡಿಯೋ, ಕಂಪ್ಯೂಟರುಗಳೂ ಬದುಕಬೇಕಿತ್ತು. ಇಂಥ ಮಿತವ್ಯಯ ಇಲ್ಲದಿದ್ದರೆ ಲೇಸರಿಗೆ ಅಲ್ಲಿ ಜಾಗ ಸಿಗುತ್ತಿರಲಿಲ್ಲ.

2023ರ ಆಗಸ್ಟಿನಲ್ಲಿ ಲೆಕ್ಕ ಇನ್ನೂ ಬಿಗಿ. ಚಂದ್ರಯಾನ-3ರ ಪ್ರಜ್ಞಾನ್ ರೋವರಿನ ಇಡೀ ಸಂಸಾರ 50 ವಾಟಿನಲ್ಲಿ. ಅದರಲ್ಲಿ ಲಿಯೋಸ್ ರೂಪಿಸಿದ ಲಿಬ್ಸ್ ಉಪಕರಣ ಲೇಸರ್ ಮಿಡಿತದಿಂದ ಚಂದ್ರನ ಮಣ್ಣನ್ನು ಕ್ಷಣಕಾಲ ಉರಿಯುವ ಪ್ಲಾಸ್ಮಾ ಮಾಡಿ, ಆ ಬೆಳಕಿನ ಗೆರೆಗಳಲ್ಲಿ ಗಂಧಕವನ್ನು ಗುರುತಿಸಿತು. ದಕ್ಷಿಣ ಧ್ರುವದ ಬಳಿ ನೆಲದ ಮೇಲೇ ನಿಂತು ಗಂಧಕ ಕಂಡದ್ದು ಅದೇ ಮೊದಲು.

ಡಯೋಡಿಗೆ ಸಾವಿಲ್ಲ ಎಂದಲ್ಲ. ನಾಸಾ 2003ರಲ್ಲಿ ಹಾರಿಸಿದ ಐಸ್‌ಸ್ಯಾಟ್ ಉಪಗ್ರಹದ ಮೊದಲ ಲೇಸರ್ 37 ದಿನಕ್ಕೇ ನಿಂತಿತು. ಡಯೋಡಿನ ಬೆಸುಗೆಯ ಇಂಡಿಯಂ ಲೋಹ ಚಿನ್ನದ ತಂತಿಯನ್ನು ಮೆಲ್ಲಗೆ ತಿಂದುಹಾಕಿತ್ತು. ಅಳತೆಗಳೆಲ್ಲ ಸರಿಯಿದ್ದೂ ಬೆಸುಗೆಯೊಂದು ಕೈಕೊಟ್ಟರೆ ಕೆಲಸ ಕೆಡುತ್ತದೆಂದು ಆ ಘಟನೆ ಜಗತ್ತಿನ ಲೇಸರ್ ಕಟ್ಟುವವರಿಗೆಲ್ಲ ಕಲಿಸಿತು.

ಕಡ್ಡಿ ಎಳೆಯಾದಾಗ

ಹರಳಿನ ದಪ್ಪ ಕಡ್ಡಿಯ ಬದಲು ಕೂದಲಿನಷ್ಟು ಸಪುರವಾದ, ಹತ್ತಾರು ಮೀಟರ್ ಉದ್ದದ ಗಾಜಿನ ಎಳೆ ಬಳಸಿದರೆ? ಶಾಖ ಉದ್ದಕ್ಕೂ ಹಂಚಿಹೋಗಿ ಸುಲಭವಾಗಿ ಹೊರಬೀಳುತ್ತದೆ, ಎಳೆಯೇ ಬೆಳಕಿಗೆ ದಾರಿ ತೋರುವುದರಿಂದ ಕಿರಣ ಸೊಟ್ಟಗಾಗದು. ನಿಯೋಡಿಮಿಯಂ ಬದಲು ಇಟರ್ಬಿಯಂ ಬೆರೆಸಿದರೆ ಪ್ರಕೃತಿಯ ಸುಂಕವೂ ಇಳಿಯುತ್ತದೆ: 976 ಉಂಡು 1070 ಕೊಡುವಾಗ ಕಳೆಯುವುದು ಶೇ 9 ಮಾತ್ರ. ಹೀಗೆ ಹುಟ್ಟಿದ ಫೈಬರ್ ಲೇಸರ್ ಪ್ಲಗ್ಗಿನಿಂದ ಪಡೆದದ್ದರಲ್ಲಿ ಶೇ 30ರಿಂದ 40ರಷ್ಟನ್ನು ಬೆಳಕಾಗಿ ಕೊಡುತ್ತದೆ.

ಪೀಣ್ಯದಲ್ಲಿ, ಹೈದರಾಬಾದಿನ ಬಾಲಾನಗರ, ಜೀಡಿಮೆಟ್ಲದಲ್ಲಿ ತಗಡು ಕೊಯ್ಯುವ ಯಂತ್ರಗಳಲ್ಲಿ ಈಗ ಇದರದೇ ಮೇಲುಗೈ. ತಾಂಡೂರಿನ ಫರ್ಸಿ ಕಲ್ಲನ್ನು ಇಂದಿಗೂ ಕೊಯ್ಯುವುದು ವಜ್ರದ ಬ್ಲೇಡೇ, ಲೇಸರಲ್ಲ. ಆದರೆ ನೀರಿಲ್ಲದೆ ಒಣದಾಗಿ ಕೊಯ್ಯುವ ಅನೇಕ ಬ್ಲೇಡುಗಳ ಅಂಚು ನೋಡಿ: ವಜ್ರದ ಹರಳು ಬೆರೆತ ಹಲ್ಲು ಉಕ್ಕಿನ ತಟ್ಟೆಗೆ ಕೂಡುವಲ್ಲಿ ಸಪುರವಾದ ಬೆಸುಗೆಯ ಗೆರೆ ಇರುತ್ತದೆ. ಅದು ಲೇಸರ್ ಬೆಸುಗೆ. ಬೆಳ್ಳಿ ಬೆರೆಸಿದ ಸಾದಾ ಬೆಸುಗೆ ಕಾದು ಕರಗಿದರೆ ಹಲ್ಲು ಹಾರಿ ಕೊಯ್ಯುವವನ ಮೈಗೇ ಬೀಳಬಹುದು. ಲೇಸರ್ ಬೆಸುಗೆ ಆ ಕಾವನ್ನು ತಡೆಯುತ್ತದೆ.

ಹೈದರಾಬಾದಿನಲ್ಲಿರುವ ಡಿಆರ್‌ಡಿಒದ ಚೆಸ್ ಪ್ರಯೋಗಾಲಯ 2025ರ ಏಪ್ರಿಲ್ 13ರಂದು ಕರ್ನೂಲಿನ ಬಯಲಿನಲ್ಲಿ 30 ಕಿಲೋವಾಟಿನ ಲೇಸರಿನಿಂದ ಡ್ರೋನುಗಳನ್ನು ಹೊಡೆದುರುಳಿಸಿ ತೋರಿಸಿತು. ವಾಹನದ ಮೇಲೆ ಒಯ್ಯುವ ಆಯುಧ ಅದು. ದಕ್ಷತೆ ಮೂರರಲ್ಲಿ ಒಂದು ಎಂದಿಟ್ಟುಕೊಂಡರೆ 30 ಕಿಲೋವಾಟ್ ಬೆಳಕಿಗೆ 90 ಕಿಲೋವಾಟ್ ಕರೆಂಟು, 60 ಕಿಲೋವಾಟ್ ಶಾಖ. ಲಾರಿಯ ಮೇಲಿನ ಜನರೇಟರಿಗೂ ತಂಪಿನ ಯಂತ್ರಕ್ಕೂ ಅದು ನಿಭಾಯಿಸಬಲ್ಲ ಹೊರೆ. ದೀಪದ ಕಾಲದ ಶೇ 3 ಆಗಿದ್ದರೆ ಬೇಕಾದದ್ದು ಒಂದು ಮೆಗಾವಾಟ್. ಅದನ್ನು ಹೊತ್ತು ತಿರುಗುವ ಲಾರಿ ಇಲ್ಲ.

ಮರಾಠವಾಡದ ಹಿಂಗೋಲಿ ಜಿಲ್ಲೆಯ ಔಂಢಾ ನಾಗನಾಥದಲ್ಲಿ ಲೇಸರಿನ ಇನ್ನೊಂದು ಕೆಲಸ ಎದ್ದು ನಿಲ್ಲಲಿದೆ. ಹಿಂದೆ ಬೀದರ, ತಾಂಡೂರುಗಳಂತೆ ಅದೂ ಹೈದರಾಬಾದ್ ಸಂಸ್ಥಾನದ ನೆಲ. ಅಲ್ಲಿ ಗುರುತ್ವದ ಅಲೆಗಳನ್ನು ಹಿಡಿಯುವ ಲೈಗೋ-ಇಂಡಿಯಾಕ್ಕೆ 2023ರ ಏಪ್ರಿಲಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ತುಮಕೂರು ಸೀಮೆಯ ರಾಜಾ ರಾಮಣ್ಣ ಅವರ ಹೆಸರು ಹೊತ್ತ ಇಂದೋರಿನ ಲೇಸರ್ ಕೇಂದ್ರ ಅದರ ಪಾಲುದಾರ. 2015ರಲ್ಲಿ ಅಮೆರಿಕದಲ್ಲಿ ಮೊದಲ ಅಲೆ ಹಿಡಿದ ಲೈಗೋದ ಬೆಳಕಿನ ಮೂಲವೂ ಡಯೋಡ್ ಉಣಿಸುವ ಪುಟ್ಟ ಯಾಗ್ ಹರಳೇ. ದೀಪದ ಮಿಣುಕಾಟ ಇಲ್ಲದ್ದರಿಂದಲೇ ಅಷ್ಟು ಸ್ಥಿರವಾದ ಬೆಳಕು ಸಾಧ್ಯ.

ಕೊಳ್ಳುವ ಮುನ್ನ

ಡಯೋಡಿನಿಂದ ಹರಳಿಗೆ ಬೆಳಕುಣಿಸುವ ಈ ವಿದ್ಯೆ ಎಲ್ಲೆಡೆ ಗೆದ್ದಿಲ್ಲ. ಫರ್ಸಿ ಹಾಸುವ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಹಸಿರು ಗೆರೆಯ ಲೇಸರಿನಲ್ಲಿ ಮೊದಮೊದಲು ಜಾತ್ರೆಯ ಪೆನ್ನಿನ ಎರಡು ಹರಳುಗಳೇ ಇದ್ದವು. ನೇರವಾಗಿ ಹಸಿರು ಕೊಡುವ ಡಯೋಡ್ ಬಂದ ಮೇಲೆ, ಚಳಿ-ಬಿಸಿಲಿಗೆ ಅಳುಕದ ಅದೇ ಅಲ್ಲಿ ನೆಲೆಯೂರಿತು. ದಕ್ಷತೆಯ ನ್ಯಾಯ ಎಲ್ಲರಿಗೂ ಒಂದೇ.

ಜಹೀರಾಬಾದ್ ಸುತ್ತ ಕೈಗಾರಿಕಾ ವಲಯ ಬೆಳೆಯುತ್ತಿರುವಾಗ, ಸಾಲ ಮಾಡಿ ಲೇಸರ್ ಕಟಿಂಗ್, ಮಾರ್ಕಿಂಗ್ ಯಂತ್ರ ತರುವ ನಮ್ಮ ಯುವಕರು ಹೆಚ್ಚುತ್ತಾರೆ. ಅವರು ಕೇಳಬೇಕಾದ ಪ್ರಶ್ನೆ ‘ಎಷ್ಟು ವಾಟಿನ ಲೇಸರ್’ ಎಂಬುದೊಂದೇ ಅಲ್ಲ. ಚಿಲ್ಲರ್ ಸೇರಿ ಮೀಟರಿನಲ್ಲಿ ಎಷ್ಟು ಕಿಲೋವಾಟ್ ಓಡುತ್ತದೆ? ನಲವತ್ತೆರಡು ಡಿಗ್ರಿಯ ಮೇ ತಿಂಗಳಲ್ಲೂ ಚಿಲ್ಲರ್ ತಡೆಯುತ್ತದೆಯೇ? ಡಯೋಡಿಗೆ ಎಷ್ಟು ಸಾವಿರ ಗಂಟೆಯ ವಾರಂಟಿ? ಕೆಟ್ಟರೆ ಒಂದು ಡಯೋಡ್ ಬದಲಿಸಿದರೆ ಸಾಕೋ, ಇಡೀ ಪೆಟ್ಟಿಗೆಯೇ ಹೋಗಬೇಕೋ? ಉತ್ತರಗಳನ್ನು ಬರೆಸಿಕೊಂಡೇ ಮುಂಗಡ ಕೊಡಬೇಕು.

ಇನ್ನೊಂದು ಪ್ರಶ್ನೆಯನ್ನು ನಮ್ಮ ಕಾಲೇಜುಗಳೂ ಸರ್ಕಾರಗಳೂ ಕೇಳಿಕೊಳ್ಳಬೇಕು. ಹರಳು ಬೆಳೆಸಲು, ಲೇಸರ್ ಜೋಡಿಸಲು ನಮ್ಮವರು ಕಲಿತಿದ್ದಾರೆ. ಬಲವಾದ ಡಯೋಡಿನ ಚಿಪ್ಪು ಮಾತ್ರ ಬಹುಪಾಲು ಹೊರದೇಶದಿಂದಲೇ ಬರುತ್ತಿದೆ. ಕರೆಂಟು ಬೆಳಕಾಗುವುದು ಆ ಚಿಪ್ಪಿನಲ್ಲಿ, ದಕ್ಷತೆಯ ಮೊದಲ ಅರ್ಧ ತೀರ್ಮಾನವಾಗುವುದೂ ಅಲ್ಲೇ. ಅದನ್ನು ಇಲ್ಲೇ ಮಾಡುವ ಛಲ ಪೀಣ್ಯ-ಹೈದರಾಬಾದುಗಳ ನಡುವಿನ ಈ ನೆಲಕ್ಕೆ ಬಂದರೆ, ಕಣ್ಣಾಸ್ಪತ್ರೆಯ ಯಂತ್ರದ ಬೆಲೆಯಿಂದ ಹಿಡಿದು ಗಡಿ ಕಾಯುವ ಆಯುಧದವರೆಗೆ ಎಲ್ಲವೂ ನಮ್ಮ ಕೈಯಲ್ಲಿರುತ್ತದೆ. ಭೌತವಿಜ್ಞಾನ ಓದುವ ತಾಂಡೂರು, ಬೀದರ, ಸೇಡಂ ಹುಡುಗ ಹುಡುಗಿಯರು ಹೊರಬೇಕಾದ ಕೆಲಸ ಅದು. ಅದಕ್ಕೆ ಬೇಕಾದ ಪ್ರಯೋಗಾಲಯಗಳನ್ನು ಅವರ ಊರಿನ ಹತ್ತಿರಕ್ಕೆ ತರುವುದು ಹಿರಿಯರಾದ ನಮ್ಮ ಹೊಣೆ.